ಆ ಮೆಟ್ಟಿಲು ಯಾರ ಮನೆಯದು

ಅಮೆರಿಕದ ಸುಪೀರಿಯರ್ ಸರೋವರದ ದಂಡೆಯ ಟಾಮರಾಕ್ ಊರಿನಲ್ಲಿ ಐಲಾ ಕಾಂಗಸ್ ಓಡಿಸುವ ಸ್ಕೂಲ್ ಬಸ್ಸು ಹತ್ತದೆ ದೊಡ್ಡವರಾದವರು ಕಡಿಮೆ. ಬೆಳಗಿನ ಸುತ್ತು ಮುಗಿದ ಮೇಲೆ ಮಧ್ಯಾಹ್ನದ ಸುತ್ತಿನವರೆಗೆ ಬಸ್ಸಿನ ಹೀಟರಿನ ಪಕ್ಕ ಕಾಲು ಚಾಚಿಕೊಂಡು ಓದುವುದು ಅವಳಿಗಿದ್ದ ಒಂದೇ ಚಟ. ಮದುವೆ ಮಾಡಿಕೊಂಡಿರಲಿಲ್ಲ. ಸ್ವಭಾವತಃ ಪುಕ್ಕಲು. ಸಾಲಿನಲ್ಲಿ ಯಾರಾದರೂ ತನ್ನನ್ನು ತಳ್ಳಿ ಮುಂದೆ ನುಗ್ಗಿದರೆ ತಾನೇ ಕ್ಷಮೆ ಕೇಳುವವಳು. ಗಂಡಸರ ದನಿ ಸ್ವಲ್ಪ ಏರಿದರೂ ಅವಳ ಅಂಗೈ ಬೆವರುತ್ತಿತ್ತು.

ಪುಸ್ತಕದ ಮಾತು ಬಂದಾಗ ಮಾತ್ರ ಈ ಹೆಂಗಸು ಬೇರೆಯೇ ಆಗಿಬಿಡುತ್ತಿದ್ದಳು. ಅದನ್ನು ಕಂಡುಕೊಂಡವಳು ಗ್ರಂಥಾಲಯದ ಲೊರೇನ್. ಊರಿನ ಪುಟ್ಟ ರೇಡಿಯೋ ಕೇಂದ್ರದಲ್ಲಿ ಶನಿವಾರ ಬೆಳಿಗ್ಗೆ ಗ್ರಂಥಾಲಯಕ್ಕೆಂದು ಇದ್ದ ಹತ್ತು ನಿಮಿಷವನ್ನು ಐಲಾಳ ಮುಂದೆ ಇಟ್ಟು, "ಪುಸ್ತಕ ವಾಪಸ್ ಕೊಡುವಾಗ ನನ್ನ ಹತ್ರ ಹೇಗೆ ಮಾತಾಡ್ತೀಯೋ ಹಾಗೇ ಮಾತಾಡು, ಎದುರಿಗೆ ಯಾರೂ ಇರಲ್ಲ ಕಣೇ" ಎಂದಿದ್ದಳು. ಐಲಾ ಹಾಗೇ ಮಾತಾಡಿದಳು. ಬಹುಮಾನ ಬಂದ ದಪ್ಪ ಕಾದಂಬರಿಯೊಂದರ ಬಗ್ಗೆ, "ಅರ್ಧ ಪುಸ್ತಕ ಒಬ್ಬ ಗಂಡಸು ಸರೋವರ ನೋಡ್ತಾ ಕೂತಿರ್ತಾನೆ. ಸರೋವರ ನಾನೂ ದಿನಾ ನೋಡ್ತೀನಿ, ನನಗ್ಯಾರೂ ಬಹುಮಾನ ಕೊಟ್ಟಿಲ್ಲ" ಎಂದಳು. ಪತ್ತೇದಾರಿ ಕಾದಂಬರಿಯೊಂದಕ್ಕೆ, "ನಾಯಿಗೆ ಬಿಸ್ಕತ್ತು ಹಾಕೋನೇ ಕೊಲೆಗಾರ ಅಂತ ಮೊದಲೇ ಗೊತ್ತಾಗತ್ತೆ. ಅಷ್ಟು ಒಳ್ಳೆಯವರು ಯಾರೂ ಇರಲ್ಲ." ಅವಳಿಗೆ ಬಲು ಇಷ್ಟವಾದದ್ದು ಚಿತ್ರಕಾದಂಬರಿಗಳು. ಅವನ್ನೂ ಬಿಡುತ್ತಿರಲಿಲ್ಲ. "ಡ್ರ್ಯಾಗನ್ನುಗಳನ್ನ ಚೆಂದ ಬರೆದಿದಾನೆ ಹುಡುಗ. ಮನುಷ್ಯರಿಗೆಲ್ಲ ಒಂದೇ ಮೂಗು ಅಂಟಿಸಿದಾನೆ." ಊರಿನವರು ಬೆಳಗಿನ ಕಾಫಿಗೆ ಏಲಕ್ಕಿ ಬ್ರೆಡ್ಡು ಅದ್ದಿಕೊಂಡು ಕೇಳುತ್ತಿದ್ದರು, ನಗುತ್ತಿದ್ದರು.

ನವೆಂಬರಿನಲ್ಲಿ, ಜಿಂಕೆ ಬೇಟೆ ಶುರುವಾಗುವ ಹಿಂದಿನ ವಾರ, ಐಲಾ ಹೊಸದೊಂದು ಚಿತ್ರಕಾದಂಬರಿಯ ಬಗ್ಗೆ ಮಾತಾಡಿದಳು. ಅಪ್ಪನಿಗೆ ಹೆದರಿ ಬದುಕುವ ಹುಡುಗಿಯೊಬ್ಬಳ ಕಥೆ. ಅವತ್ತು ಅವಳು ತಮಾಷೆ ಮಾಡಲಿಲ್ಲ. "ಕಥೆ ಅಷ್ಟಕ್ಕಷ್ಟೇ. ಆದರೆ ಮೆಟ್ಟಿಲನ್ನ ಸರಿಯಾಗಿ ಬರೆದಿದಾಳೆ. ಹುಡುಗಿ ಮೇಲಿನ ಮೆಟ್ಟಿಲ ಮೇಲೆ ಕೂತು ಕೆಳಗಿನ ಬಾಗಿಲು ಹಾಕೋ ಸದ್ದು ಕೇಳ್ತಾಳೆ. ಮೆತ್ತಗೆ ಹಾಕಿದ್ರೆನೇ ಹೆದರಿಕೆ. ಧಡಾರ್ ಅಂತ ಹಾಕಿದ್ರೆ ಬರೀ ಕುಡಿದಿದಾನೆ ಅಂತ, ಮೆತ್ತಗೆ ಹಾಕಿದ್ರೆ ಏನೋ ನಿರ್ಧಾರ ಮಾಡ್ಕೊಂಡು ಬಂದಿದಾನೆ ಅಂತ. ಇದು ಗೊತ್ತಿಲ್ಲದವರು ಆ ಪುಟ ಬರೆಯಕ್ಕಾಗಲ್ಲ." ಹೇಳಿದ ಮೇಲೆ ತಾನು ಹೆಚ್ಚು ಹೇಳಿದೆನೇನೋ ಅನಿಸಿತು. ಮೈಕು ಆರಿತು, ಮನೆಗೆ ಹೋದಳು.

ಸೋಮವಾರ ಬೆಳಿಗ್ಗೆ ಬಸ್ಸಿನ ಹಿಂದೆ ಬೂದು ಬಣ್ಣದ ಪಿಕಪ್ ಟ್ರಕ್ಕೊಂದು ಬಂತು. ಬಸ್ಸು ನಿಂತಲ್ಲೆಲ್ಲ ನಿಂತಿತು, ಹೊರಟಾಗ ಹೊರಟಿತು. ಅದರ ಹಿಂದಿನ ಗಾಜಿಗೆ ಬಿಗಿದ, ಬಂದೂಕು ತೂಗುಹಾಕುವ ಚೌಕಟ್ಟು ಕನ್ನಡಿಯಲ್ಲಿ ಕಾಣುತ್ತಿತ್ತು. ಆ ತಿಂಗಳಲ್ಲಿ ಅದು ಎಲ್ಲರ ಟ್ರಕ್ಕಿನಲ್ಲೂ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಮಂಗಳವಾರವೂ ಟ್ರಕ್ಕು ಬಂತು. ಕನ್ನಡಿಯಲ್ಲಿ ಅದನ್ನೇ ನೋಡುತ್ತ, ದಿನಾ ತಿರುಗುವ ತಿರುವೊಂದನ್ನು ದಾಟಿ ಮುಂದೆ ಹೋಗಿಬಿಟ್ಟಳು. ಮಕ್ಕಳು ಗೊಳ್ಳೆಂದು ನಕ್ಕರು. ಅವಳ ಸೀಟಿನ ಹಿಂದೆಯೇ ಕೂರುತ್ತಿದ್ದ ಕೇಸಿ ಟ್ರುಡೆಲ್ ಎಂಬ ಒಂಬತ್ತರ ಹುಡುಗಿ ಮಾತ್ರ ನಗಲಿಲ್ಲ. ಕನ್ನಡಿಯಲ್ಲಿ ಟ್ರಕ್ಕನ್ನು ನೋಡಿ, ತೊಡೆಯ ಮೇಲಿನ ಪುಸ್ತಕದೊಳಗೆ ತಲೆ ಹುದುಗಿಸಿದಳು.

ಬುಧವಾರ ಸಂಜೆ ಆ ಟ್ರಕ್ಕು ಐಲಾಳ ಮನೆಯ ಮುಂದೆಯೇ ನಿಂತಿತು. ಬಾಗಿಲು ತಟ್ಟಿದವನು ಕೇಸಿಯ ಅಪ್ಪ ಡ್ವೇನ್. ಬಸ್ಸಿನ ಕಿಟಕಿಯಿಂದ ಐಲಾ ಎಷ್ಟೋ ಸಲ ಅವನಿಗೆ ಕೈ ಬೀಸಿದ್ದಳು. ಐಲಾ ಸರಪಳಿ ತೆಗೆಯದೆ ನಾಲ್ಕು ಬೆರಳಷ್ಟು ಬಾಗಿಲು ತೆರೆದಳು.

"ಶನಿವಾರ ನಮ್ಮನೆ ಸುದ್ದಿ ಊರಿಗೆಲ್ಲ ಸಾರಿದ್ರಲ್ಲ," ಎಂದ ಡ್ವೇನ್. ದನಿ ಏರಿರಲಿಲ್ಲ. ತಗ್ಗಿತ್ತು, ಅದಕ್ಕೇ ಭಯವಾಯಿತು.

"ನಿಮ್ಮನೆ ಸುದ್ದಿನಾ? ನಾನು ಪುಸ್ತಕದ ಬಗ್ಗೆ..."

"ಮೆಟ್ಟಿಲ ಮೇಲೆ ಕೂರೋದು, ಬಾಗಿಲು ಮೆತ್ತಗೆ ಹಾಕೋದು. ಬಸ್ಸಲ್ಲಿ ನನ್ನ ಮಗಳ ಬಾಯಿ ಬಿಡಿಸಿ ರೇಡಿಯೋದಲ್ಲಿ ಹೇಳ್ತೀರಾ? ಯಾವಾಗ ಹೇಳಿದ್ಲು ಅವಳು? ಇಲ್ಲಾ, ಅವರಮ್ಮ ಹೇಳಿದ್ಲಾ?"

ಕೇಸಿ ಯಾವತ್ತೂ ಒಂದು ಮಾತು ಆಡಿದವಳಲ್ಲ. ಅವಳ ಮನೆಯಲ್ಲಿ ಏನಾಗುತ್ತದೆಂದು ಐಲಾಳಿಗೆ ಈ ಗಳಿಗೆಯವರೆಗೆ ಗೊತ್ತಿರಲಿಲ್ಲ. ಈಗ ಅವನ ಬಾಯಿಂದಲೇ ಗೊತ್ತಾಗಿತ್ತು. ಇನ್ನೊಂದೂ ಹೊಳೆಯಿತು. ಇವನು ಇಲ್ಲಿಂದ ನೇರ ಮನೆಗೆ ಹೋಗುತ್ತಾನೆ, ಯಾರು ಹೇಳಿದ್ದೆಂದು ಅಲ್ಲಿ ಕೇಳುತ್ತಾನೆ.

"ಅದು ನಮ್ಮಪ್ಪ," ಎಂದಳು.

"ಏನು?"

"ಆ ಮೆಟ್ಟಿಲು ನಮ್ಮನೇದು. ಮೇಲೆ ಕೂತಿದ್ದೋಳು ನಾನು. ಕೆಳಗೆ ಬಾಗಿಲು ಹಾಕ್ತಿದ್ದೋನು ನಮ್ಮಪ್ಪ, ಗಣಿಯಿಂದ ಬಂದು. ನಿಮ್ಮ ಮಗಳು ನನ್ನ ಹತ್ರ ಏನೂ ಹೇಳಿಲ್ಲ. ನಿಮ್ಮ ಹೆಂಡತೀನ ನಾನು ಮಾತಾಡಿಸಿದ್ದೇ ಇಲ್ಲ. ಬೇಕಾದ್ರೆ ನಮ್ಮಪ್ಪನ ಹೆಸರು ಯಾರನ್ನಾದ್ರೂ ಕೇಳಿ, ಹಳಬರಿಗೆ ಗೊತ್ತಿದೆ."

ಹಳಬರಿಗೆ ಏನೂ ಗೊತ್ತಿರಲಿಲ್ಲ. ಈ ಮಾತನ್ನು ಅವಳು ಹುಟ್ಟಿದಾಗಿನಿಂದ ಯಾರಿಗೂ ಹೇಳಿರಲಿಲ್ಲ. ತಮ್ಮನೊಡನೆ ಕೂಡ ಆ ಮನೆಯ ಮಾತು ಎತ್ತಿದವಳಲ್ಲ. ಹೇಳಿದ್ದು ಇವನಂಥವನ ಮುಂದೆ, ಬಾಗಿಲ ಸಂದಿಯಲ್ಲಿ.

ಡ್ವೇನ್ ಬಾಗಿಲಿಂದ ಹಿಂದೆ ಸರಿದು, "ಹಾಗಾದ್ರೆ ನಿಮ್ಮ ಸುದ್ದಿ ನಿಮ್ಮ ಹತ್ರಾನೇ ಇಟ್ಕೊಳ್ಳಿ" ಎಂದು ಹೋದ. ಟ್ರಕ್ಕಿನ ಸದ್ದು ಅಡಗಿದ ಮೇಲೂ ಐಲಾ ಬಾಗಿಲ ಹಿಂದೆಯೇ ನೆಲದ ಮೇಲೆ ಕೂತಿದ್ದಳು. ಆಮೇಲೆ ಎದ್ದು ಲೊರೇನಳಿಗೆ ಫೋನು ಮಾಡಿದಳು.

"ಪೊಲೀಸರಿಗೆ ಹೇಳೋಣ," ಎಂದಳು ಲೊರೇನ್.

"ಏನಂತ ಹೇಳ್ತೀಯ? ಪುಸ್ತಕ ಓದಿ ಅನುಮಾನ ಬಂತು ಅಂತಲಾ? ಅವರು ಹೋಗಿ ಅವನ ಬಾಗಿಲು ತಟ್ಟಿ ವಾಪಸ್ ಬರ್ತಾರೆ. ಆಮೇಲೆ ಅವನ ಜೊತೆ ಒಳಗಿರೋರು ತಾಯಿ ಮಗಳು ಇಬ್ರೇ. ಮೊದಲು ಕೇಸಿಯ ಅಮ್ಮನ್ನ ಕೇಳ್ಬೇಕು."

ಮರುದಿನ ಬಸ್ಸಿನ ಹಿಂದೆ ಟ್ರಕ್ಕಿರಲಿಲ್ಲ. ಟ್ರುಡೆಲ್‌ರ ಮನೆ ಮುಂದೆ ಕೇಸಿಯನ್ನು ಹತ್ತಿಸಲು ಅಮ್ಮ ಮಾರ್ಲಾ ಬಂದಿದ್ದಳು. ಐಲಾ ಇಂಜಿನ್ ಸದ್ದಿನ ಮರೆಯಲ್ಲಿ ಬಗ್ಗಿ ಹೇಳಿದಳು, "ಗ್ರಂಥಾಲಯದ ಲೊರೇನ್ ಹತ್ರ ಕಾರಿದೆ. ಹೋಗಕ್ಕೆ ಜಾಗಾನೂ ಗೊತ್ತಿದೆ. ನೀವು ಹೂಂ ಅಂದ್ರೆ ಸಾಕು." ಮಾರ್ಲಾ ಅವಳನ್ನು ನೋಡಲೇ ಇಲ್ಲ. ಮಗಳ ಟೊಪ್ಪಿಗೆ ಸರಿಪಡಿಸುತ್ತಲೇ, "ನಾಳೆ ಬೇಟೆ ಕ್ಯಾಂಪಿಗೆ ಹೋಗ್ತಾನೆ. ನನ್ನ ಕಾರಿನ ಕೀಲೀನೂ ಜೊತೆಗೆ ತಗೊಂಡು ಹೋಗ್ತಾನೆ" ಎಂದಳು.

ಅದೇ ಅವಳ ಹೂಂ ಆಗಿತ್ತು. ಅಂದು ಸಂಜೆ ಐಲಾ ಲೊರೇನಳಿಗೆ ಒಂದೇ ಷರತ್ತು ಹಾಕಿದಳು. "ಎಲ್ಲಿಗೆ ಕರ್ಕೊಂಡು ಹೋಗ್ತೀಯ ಅಂತ ನನಗೆ ಹೇಳ್ಬೇಡ."

"ಯಾಕೆ?"

"ಅವನು ಎದುರು ನಿಂತು ಗದರಿಸಿದ್ರೆ ನಾನು ಹೇಳ್ಬಿಡ್ತೀನಿ. ನನ್ನನ್ನ ನಾನು ಬಲ್ಲೆ. ಗೊತ್ತಿಲ್ಲದಿದ್ರೆ ಹೇಳಕ್ಕಾಗಲ್ಲ."

ಶುಕ್ರವಾರ ಐಲಾ ಕೇಸಿಯನ್ನು ಶಾಲೆಯ ಬಾಗಿಲಲ್ಲಿ ಇಳಿಸಿದಳು. ಲೊರೇನಳ ಕಾರು ಅಲ್ಲೇ ಕಾದಿತ್ತು, ಹಿಂದಿನ ಸೀಟಿನಲ್ಲಿ ಮಾರ್ಲಾ ಎರಡು ಚೀಲ ಹಿಡಿದು ಕೂತಿದ್ದಳು. ಹುಡುಗಿ ಕಾರು ನೋಡಿದಳು, ಬಸ್ಸು ನೋಡಿದಳು, ಒಂದು ಮಾತೂ ಕೇಳದೆ ಕಾರು ಹತ್ತಿದಳು. ಐಲಾ ಕನ್ನಡಿಯಲ್ಲೂ ಅತ್ತ ನೋಡಲಿಲ್ಲ. ಕಾರು ಯಾವ ದಿಕ್ಕಿಗೆ ತಿರುಗಿತೆಂಬುದೂ ಅವಳಿಗೆ ಬೇಡವಾಗಿತ್ತು.

ಮರುದಿನ ಶನಿವಾರ. ರೇಡಿಯೋಗೆ ಬರಲ್ಲ ಎಂದು ಹೇಳಲು ಫೋನು ಎತ್ತಿದಳು, ಇಟ್ಟಳು. ಬರದಿದ್ದರೆ ಅವನಿಗೆ ಅದೇ ಸುಳಿವಾಗಬಹುದು. ಹೋದಳು. ಕಿಟಕಿಯ ಕೆಳಗೆ ಬೂದು ಟ್ರಕ್ಕು ಬಂದು ನಿಂತದ್ದು ಮೈಕು ಹತ್ತುವ ಮೊದಲೇ ಕಂಡಿತು. ಬೇಟೆಯ ಮೊದಲ ದಿನ ಊರಿನ ಗಂಡಸರೆಲ್ಲ ಕಾಡಿನಲ್ಲಿದ್ದರೆ ಇವನೊಬ್ಬ, ರಾತ್ರಿ ಮನೆಯ ಫೋನು ಯಾರೂ ಎತ್ತಲಿಲ್ಲವೆಂದೋ ಏನೋ, ಬೇಟೆಯ ಕಿತ್ತಳೆ ಅಂಗಿಯಲ್ಲೇ ವಾಪಸಾಗಿದ್ದ. ಅವಳು ಹತ್ತು ನಿಮಿಷ ಏನು ಮಾತಾಡಿದಳೋ ಅವಳಿಗೇ ತಿಳಿಯಲಿಲ್ಲ. ಮಂಗಳ ಗ್ರಹದ ಕಾದಂಬರಿಯೊಂದರಲ್ಲಿ ಯಾರೂ ಊಟವನ್ನೇ ಮಾಡುವುದಿಲ್ಲ ಎಂದು ಬಹಳ ಹೊತ್ತು ದೂರಿದಳಂತೆ.

ಕೆಳಗಿಳಿದಾಗ ಡ್ವೇನ್ ದಾರಿಗಡ್ಡ ನಿಂತ. "ಎಲ್ಲಿದಾಳೆ?"

"ನಂಗೊತ್ತಿಲ್ಲ."

"ಎಲ್ಲಿದಾಳೆ ಅಂದೆ."

ಅವಳ ಕಣ್ಣಲ್ಲಿ ನೀರು ಬಂದಿತ್ತು. ಅಳುತ್ತಲೇ ಮತ್ತೆ, "ನಂಗೊತ್ತಿಲ್ಲ, ದೇವರಾಣೆ ಗೊತ್ತಿಲ್ಲ" ಎಂದಳು. ಅಷ್ಟು ಹೆದರಿದವಳು ಸುಳ್ಳು ಹೇಳಲಾರಳು ಎಂದು ಅವನಿಗೂ ಅನಿಸಿರಬೇಕು. ಕಾಫಿ ಅಂಗಡಿಯಿಂದ ಇಬ್ಬರು ಹೊರಬಂದು ಅವನನ್ನೇ ನೋಡುತ್ತ ನಿಂತರು. ಅವನು ಟ್ರಕ್ಕು ಹತ್ತಿದ.

ವಾರ ಕಳೆಯುವುದರೊಳಗೆ, ಹೆಂಡತಿ ಮಗಳ ಹತ್ತಿರ ಸುಳಿಯಬಾರದೆಂಬ ಕೋರ್ಟಿನ ಆದೇಶ ಅವನ ಕೈ ಸೇರಿತು. ವಸಂತದ ಹೊತ್ತಿಗೆ ಅವನು ಮನೆ ಮಾರಿ ಪಶ್ಚಿಮದ ಕಡೆ ಹೋದನೆಂದು ಸುದ್ದಿ. ಐಲಾಳ ಹೆದರಿಕೆಯೇನೂ ಅವನ ಹಿಂದೆ ಹೋಗಲಿಲ್ಲ. ಬೂದು ಬಣ್ಣದ ಯಾವ ಟ್ರಕ್ಕು ಕಂಡರೂ ಅವಳು ಇಂದಿಗೂ ಬಸ್ಸಿನ ವೇಗ ತಗ್ಗಿಸಿ ಅದು ಮುಂದೆ ಹೋಗಲಿ ಎಂದು ಕಾಯುತ್ತಾಳೆ.

ಬೇಸಿಗೆಯಲ್ಲಿ ಒಮ್ಮೆ ಲೊರೇನ್ ಹೇಳಿದಳು, "ಕೇಸಿ ಆ ಪುಸ್ತಕ ಓದಿದ್ಲಂತೆ. ಮೆಟ್ಟಿಲಿಂದು."

"ಏನಂದ್ಲು?"

"ಕೊನೇಲಿ ಅಮ್ಮ ಮಗಳು ತಬ್ಕೊಂಡು ನಗೋದು ಶುದ್ಧ ಸುಳ್ಳಂತೆ. ಕಾರಲ್ಲಿ ಹೋಗ್ವಾಗ ಅವಳಿಗೆ ಬರೀ ವಾಂತಿ ಬರೋಹಾಗಿತ್ತಂತೆ."

ಐಲಾ ತಲೆಯಾಡಿಸಿದಳು. ಹುಡುಗಿಗೆ ಇನ್ನೇನು ಕಳಿಸಬಹುದೆಂದು ಇಬ್ಬರೂ ಕಪಾಟಿನ ಮುಂದೆ ನಿಂತು ಬಹಳ ಹೊತ್ತು ಜಗಳವಾಡಿದರು.