ಕೊಡದ ಮೇಲಿನ ಹೆಸರು

ರೋಮಿನ ದೊಡ್ಡ ಮನೆತನದ ಹೆಂಗಸರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಹೇಳಿಕೊಳ್ಳಲು ನಾಚಿಕೆಯೇ, ಅವರು ಸತ್ತು ಎರಡು ಸಾವಿರ ವರ್ಷವಾಯಿತು.

ಅವರ ಪರಿಚಯವಾದದ್ದು ಲಿಂಗಸುಗೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ. ನಿಜಾಮರ ಕಾಲ, ರೋಮ್ ಕೂಡ ನಮಗೆ ಉರ್ದುವಿನಲ್ಲೇ ಬಂತು. ಅಲ್ಲಿ ಹೆಣ್ಣುಕೂಸಿಗೆ ಬೇರೆ ಹೆಸರಿನ ಗೊಡವೆಯೇ ಇರಲಿಲ್ಲವಂತೆ. ಕಾರ್ನೇಲಿಯಸ್ ಮನೆತನದಲ್ಲಿ ಹುಟ್ಟಿದವಳು ಕಾರ್ನೇಲಿಯಾ. ಇನ್ನೊಬ್ಬಳು ಹುಟ್ಟಿದರೆ ಅವಳೂ ಕಾರ್ನೇಲಿಯಾ. ಗುರುತಿಗೆ ಒಂದನೆಯವಳು, ಎರಡನೆಯವಳು, ಮೂರನೆಯವಳು.

"ನಮ್ಮ ಮನ್ಯಾಗ ಎಮ್ಮಿಗೂ ಹೆಸರದರೀ ಉಸ್ತಾನಿ," ಎಂದಳು ಪಕ್ಕದ ಹುಡುಗಿ. ತರಗತಿಯೆಲ್ಲ ನಕ್ಕಿತು, ಪಾಠ ಹೇಳುತ್ತಿದ್ದ ಉಸ್ತಾನಿಯೂ ನಕ್ಕರು. ನನಗೆ ನಗು ಬರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ನಮ್ಮ ಮನೆಯಲ್ಲೊಂದು ಮದುವೆಯಾಗಿತ್ತು.

ನಾವು ಮೂವರು ಅಕ್ಕತಂಗಿಯರು: ಗೋದಾವರಿ, ತುಂಗಾ, ಕೊನೆಯವಳು ನಾನು. ಮುದಗಲ್ಲಿನ ನಮ್ಮ ವಾಡೆಗೂ ಸಿಂಧನೂರಿನ ಕಡೆಯ ಇನ್ನೊಂದು ವಾಡೆಗೂ ನಂಟು ಬೆಳೆಯಲೆಂದು ಮೊದಲು ಗೋದಕ್ಕನನ್ನು ಕೊಟ್ಟರು. ಆ ಮನೆಯ ಹಿರಿಸೊಸೆ ಯಾರೇ ಆಗಲಿ, ಅವಳ ಹೆಸರು ರಮಾಬಾಯಿ. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ವರ ಉಂಗುರದಿಂದ ಹಾಗೆಂದು ಬರೆದ. ಗೋದಾವರಿ ಅಲ್ಲಿಗೆ ಮುಗಿದಳು. ಅಪ್ಪ ಕೊಟ್ಟ ಹಿತ್ತಾಳೆ ಕೊಡಗಳ ಮೇಲೂ ಅದನ್ನೇ ಕೊರೆಸಿದ್ದರು. ಚೊಚ್ಚಲ ಹೆರಿಗೆಯಲ್ಲಿ ಅವಳು ತೀರಿಕೊಂಡಳು, ಹೆಣ್ಣುಕೂಸು ಉಳಿಯಿತು. ನಂಟು ಹರಿಯಬಾರದೆಂದು ಅದೇ ವರನಿಗೆ ತುಂಗಕ್ಕನನ್ನು ಕೊಟ್ಟರು.

ಆ ಬೇಸಿಗೆಯ ಮದುವೆಯಲ್ಲಿ ನಾನು ತಾಟಿನ ಪಕ್ಕದಲ್ಲೇ ಕೂತಿದ್ದೆ. ಅಕ್ಕಿಯಲ್ಲಿ ಮತ್ತೆ ರಮಾಬಾಯಿ ಎಂದು ಮೂಡಿತು, ವರ ಅದನ್ನು ಗಟ್ಟಿಯಾಗಿ ಓದಿದ.

"ಅದು ಅಕ್ಕನ ಹೆಸರ್ರೀ," ಎಂದಳು ತುಂಗಕ್ಕ, ತಲೆ ಎತ್ತದೆ.

"ನಮ್ಮ ಮನಿ ಹೆಸರವಾ ಅದು," ಎಂದರು ಅವಳ ಅತ್ತೆ. "ಚಲೋನ ಆತು. ಕೊಡದ ಮ್ಯಾಲ ಮತ್ತ ಕೊರಸೂದು ತಪ್ತು!"

ಬೀಗರು ನಕ್ಕರು. ನಮ್ಮವ್ವನೂ ನಗಬೇಕಾಯಿತು. ತುಂಗಕ್ಕ ಬೆರಳಿನಿಂದ ಒಂದಕ್ಷರ ಕೆಡಿಸಿದಳು. ಅತ್ತೆ ಅಕ್ಕಿಯನ್ನು ಸಮ ಮಾಡಿ, ಮಗನಿಂದ ಮತ್ತೆ ಬರೆಸಿದರು.

ಆಮೇಲೆ ಆ ವಾಡೆಯಲ್ಲಿ ಯಾರೂ ಸತ್ತಿರಲೇ ಇಲ್ಲ. ರಮಾಬಾಯಿ ಮೊದಲೂ ಇದ್ದಳು, ಈಗಲೂ ಇದ್ದಾಳೆ. ಕೂಸಿಗೆ ಇವಳೇ ಹೆತ್ತವಳೆಂದು ಹೇಳಬೇಕು, ಗೋದಾವರಿ ಎಂಬ ಮಾತು ಯಾರ ಬಾಯಲ್ಲೂ ಬರಬಾರದು ಎಂದು ಕಟ್ಟಪ್ಪಣೆಯಾಯಿತು.

ರೋಮಿನ ಸರದಾರರೇನು ದೇವರಲ್ಲ. ಸ್ನೇಹಕ್ಕೆ ಮಗಳನ್ನು ಕೊಡುತ್ತಿದ್ದರು; ಸ್ನೇಹ ಕೆಟ್ಟರೆ ಕರೆತಂದು ಇನ್ನೊಬ್ಬನಿಗೆ ಕಟ್ಟುತ್ತಿದ್ದರು. ಆದರೆ ಯಾವ ಮನೆಗೆ ಹೋದರೂ ಅವಳು ಕಾರ್ನೇಲಿಯಾಳೇ. ತವರಿನ ಹೆಸರನ್ನು ಅಳಿಸುತ್ತಿರಲಿಲ್ಲ. ಮತ್ತೆ, ಅವರು ಎಣಿಸುತ್ತಿದ್ದರು. ಒಬ್ಬಳನ್ನು ಎರಡನೆಯವಳು ಎನ್ನಬೇಕಾದರೆ ಮೊದಲೊಬ್ಬಳಿದ್ದಳೆಂದು ಒಪ್ಪಲೇಬೇಕು. ನನ್ನ ಹೊಟ್ಟೆಕಿಚ್ಚು ಇಷ್ಟಕ್ಕೇ.

ಗೋದಕ್ಕನ ಮಗಳು ಚಟಪಟ ಮಾತಾಡುವಷ್ಟು ದೊಡ್ಡವಳಾದ ಮೇಲೆ ಒಮ್ಮೆ ಆ ವಾಡೆಗೆ ಹೋದೆ. ನನಗಿನ್ನೂ ಮದುವೆಯಾಗಿರಲಿಲ್ಲ. ಕಾಲಿಗೆ ನೀರು ತಂದವಳು ಅವಳೇ.

"ನಿಮ್ಮವ್ವನ ಹೆಸರೇನವಾ?" ಎಂದೆ, ಏನೂ ಗೊತ್ತಿಲ್ಲದವಳಂತೆ.

ಹುಡುಗಿ ಪಡಸಾಲೆಯ ಕಡೆ ನೋಡಿ, ಅಜ್ಜಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಕಿವಿಗೆ ಬಾಯಿ ಹಚ್ಚಿದಳು.

"ಒಂದನೇ ಅವ್ವ ಗೋದಾವರಿ. ಎರಡನೇ ಅವ್ವ ತುಂಗಾ. ಅಜ್ಜಿ ಮುಂದ ಅನಬ್ಯಾಡಂತ ಅವ್ವ ಹೇಳ್ಯಾಳ. ನೀನೂ ಅನಬ್ಯಾಡ ಚಿಗವ್ವ."

ತುಂಗಕ್ಕ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ರೋಮ್ ಯಾವ ದಿಕ್ಕಿಗಿದೆ ಎಂಬುದೂ ಅವಳಿಗೆ ತಿಳಿಯದು.

"ಹಂಗಾರ ನಾ ಯಾರು?"

"ನೀ ಮೂರನೇದಾಕಿ," ಎಂದು ಹುಡುಗಿ ನಕ್ಕಳು.

ಒಳಗೆ ಕೊಡಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಸಾಲಾಗಿ ಇಟ್ಟಿದ್ದರು. ರಮಾಬಾಯಿ ಎಂಬ ಹೆಸರು ಹೊಸದರಂತೆ ಹೊಳೆಯುತ್ತಿತ್ತು. ತುಂಗಕ್ಕನ ಆಯುಷ್ಯ ಗಟ್ಟಿಯಾಗಿರಲಿ ಎಂದು ಬೇಡಿಕೊಂಡೆ, ಅರ್ಧ ಅವಳಿಗಾಗಿ, ಅರ್ಧ ನನಗಾಗಿ.