ಉಪಕುಲಪತಿಗಳು ನೆಯ್ದ ಒಂದು ಗೇಣು

ಹಳೆ ಸೀರೆಗೆ ಸ್ಟೀಲ್ ಪಾತ್ರೆ ಕೊಡುವವಳು ಇವತ್ತು ನಮ್ಮ ಬೀದಿಗೆ ಬಂದಿದ್ದಳು. ಬಕೆಟ್ಟಿನ ಆಸೆಗೆ ಬಿದ್ದು ಟ್ರಂಕಿನ ತಳದಿಂದ ಅಜ್ಜಿಯ ಅರಿಶಿನ ಬಣ್ಣದ ರೇಷ್ಮೆ ಸೀರೆ ಎಳೆದೆ. ನುಸಿಗುಳಿಗೆಯ ವಾಸನೆಗೆ ಒಂದು ಸೀನು ಬಂತು. ಸೀನಿನ ಹಿಂದೆಯೇ ದೊಡ್ಡಪ್ಪ ನೆನಪಾದರು.

ದೊಡ್ಡಪ್ಪ ಎಂದರೆ ಸಾಮಾನ್ಯರಲ್ಲ. ಅಣೆಕಟ್ಟಿನ ಎಂಜಿನಿಯರಾಗಿ ಶುರುಮಾಡಿ, ಕಾಲೇಜಿನ ಪ್ರಿನ್ಸಿಪಾಲರಾಗಿ, ಎಂಬತ್ತರ ದಶಕದಲ್ಲಿ ಉಪಕುಲಪತಿಗಳಾದವರು. ಆಮೇಲೆ ಸರ್ಕಾರ ಅವರನ್ನು ಹಳ್ಳಿಗಳಿಗೆ ಕುಡಿಯುವ ನೀರು ಕೊಡುವ ಕೆಲಸಕ್ಕೂ ಹಚ್ಚಿತು. ಆದರೆ ತಮಿಳುನಾಡಿನ ಮೆಟ್ಟುಪಾಳ್ಯಂ ಹತ್ತಿರದ ನಮ್ಮ ಕನ್ನಡ ನೇಕಾರರ ಮನೆಯಲ್ಲಿ ಅವರಿಗೆ ಬಡ್ತಿ ಸಿಗಲೇ ಇಲ್ಲ. ಅಜ್ಜಿಯ ಕಾನೂನು ಒಂದೇ: ಊರಿಗೆ ಬಂದ ಮಗ ಮಗ್ಗದಲ್ಲಿ ಒಂದು ಗೇಣು ನೆಯ್ದ ಮೇಲೆಯೇ ಊಟಕ್ಕೆ ಕೂರಬೇಕು. ಅವಳಂತೂ ಮಗ್ಗ ಬಿಟ್ಟು ಮಗನ ಒಂದು ಸಮಾರಂಭಕ್ಕೂ ಹೋದವಳಲ್ಲ. ದೊಡ್ಡಪ್ಪನಿಗೆ ಅದೊಂದೇ ಕೊರಗು.

ಉಪಕುಲಪತಿಯಾದ ವಾರವೇ ಕಾರಿನಲ್ಲಿ ಬಂದಿಳಿದರು.

“ಅವ್ವಾ, ಮುಂದಿನ ತಿಂಗಳು ನಮ್ಮ ಘಟಿಕೋತ್ಸವ. ಈ ಸಲನಾದ್ರೂ ನೀನು ಬರ್ಬೇಕು.”

“ಮೊದ್ಲು ಒಂದು ಗೇಣು ನೆಯ್ಯಿ ನನ್ ಕಣ್ಣೇ. ಸಾಂಬಾರು ಆರೋಗ್ತದೆ.”

ಮಗ್ಗದ ಮೇಲೆ ಯಾರದೋ ಮದುವೆಯ ಅರಿಶಿನ ಬಣ್ಣದ ರೇಷ್ಮೆ ಸೀರೆ, ಸೆರಗು ಮಾತ್ರ ಬಾಕಿ. ದೊಡ್ಡಪ್ಪ ಸಫಾರಿ ಸೂಟಿನಲ್ಲೇ ಮಗ್ಗದ ಕುಣಿಗಿಳಿದರು. ಸುಮ್ಮನೆ ನೆಯ್ದಿದ್ದರೆ ಚೆನ್ನಾಗಿತ್ತು. ಎಂಜಿನಿಯರಲ್ಲವೇ! “ಈ ಹಗ್ಗ ಗಿಡ್ಡ ಮಾಡಿದ್ರೆ ವೇಗ ಡಬಲ್ ಆಗ್ತದೆ ಅವ್ವಾ” ಎಂದು ಲಾಳಿ ಎಳೆಯುವ ಹಗ್ಗಕ್ಕೆ ಗಂಟು ಹಾಕಿದರು. ವೇಗ ನಿಜಕ್ಕೂ ಡಬಲ್ ಆಯಿತು. ಲಾಳಿ ಎಳೆಗಳನ್ನು ಕಿತ್ತುಕೊಂಡು ಹಾರಿ, ಸನ್ಮಾನಕ್ಕೆಂದು ಹಾರ ಹಿಡಿದು ಬಾಗಿಲಲ್ಲಿ ನಿಂತಿದ್ದ ಪಂಚಾಯ್ತಿ ಅಧ್ಯಕ್ಷರ ಹೊಟ್ಟೆಗೆ ಬಡಿಯಿತು. ಆ ಗಾಬರಿಯಲ್ಲಿ ಅವರು ಹಾರವನ್ನು ಪಕ್ಕದಲ್ಲಿದ್ದ ಡ್ರೈವರನ ಕೊರಳಿಗೆ ಹಾಕಿಬಿಟ್ಟರು. ಡ್ರೈವರ್ ಕೈಮುಗಿದ. ನಾನು ನಗು ತಡೆಯಲಾಗದೆ ಹಿತ್ತಿಲಿಗೆ ಓಡಿದೆ.

ವಾಪಸು ಬಂದಾಗ ದೊಡ್ಡಪ್ಪ ಹರಿದ ಎಳೆಗಳಿಗೆ ಗಂಟು ಹಾಕಿಕೊಂಡು ಗೇಣು ಮುಗಿಸಿದ್ದರು. ಅದು ಕೋಳಿ ಕೆದಕಿದ ಅಂಗಳದಂತಿತ್ತು.

“ಅವ್ವಾ, ಕೆಡಿಸ್ಬುಟ್ಟೆ” ಎಂದರು, ಸಣ್ಣ ದನಿಯಲ್ಲಿ.

ಅಜ್ಜಿ ಎಲೆ ಹಾಕಿ ಬಡಿಸಿದಳು. ಮದುಮಗಳಿಗೆ ಈಗ ಇನ್ನೊಂದು ಸೀರೆ ನೆಯ್ಯಬೇಕು; ಘಟಿಕೋತ್ಸವಕ್ಕೆ ಅವಳು ಬಂದಹಾಗೆಯೇ ಎಂದುಕೊಂಡು ದೊಡ್ಡಪ್ಪ ಅರ್ಧ ಊಟದಲ್ಲೇ ಎದ್ದರು.

ಆದರೆ ಘಟಿಕೋತ್ಸವದ ದಿನ ಅಜ್ಜಿ ಹೊರಟಳು. ನನ್ನನ್ನೂ ಕರೆದುಕೊಂಡು, ಮೊದಲ ಸಾಲಿನಲ್ಲಿ, ಅದೇ ಕೆಟ್ಟ ಸೀರೆ ಉಟ್ಟು ಕೂತಳು. ಸೆರಗನ್ನು ಮಂಡಿಯ ಮೇಲೆ ಹರಡಿಕೊಂಡಿದ್ದಳು. ಪಕ್ಕದ ದೊಡ್ಡ ಅಧಿಕಾರಿಯ ಹೆಂಡತಿ ಇದೇನು ಹೀಗಾಗಿದೆ ಎಂದು ತಮಿಳಿನಲ್ಲಿ ಕೇಳಿದರೆ, ಅಜ್ಜಿ ಹೆಮ್ಮೆಯಲ್ಲಿ ತಮಿಳನ್ನೇ ಮರೆತು, ಸಭೆಗೆಲ್ಲ ಕೇಳುವಂತೆ ನಮ್ಮ ಮಾತಿನಲ್ಲೇ ಹೇಳಿದಳು: “ಇದು ನನ್ನ ಮಗ ನೆಯ್ದಿದ್ದು!”

ವೇದಿಕೆಯ ಮೇಲೆ ದೊಡ್ಡಪ್ಪನ ಭಾಷಣ ನಿಂತುಹೋಯಿತು. ಕನ್ನಡಕ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

ಪಾತ್ರೆಯವಳು ಸೀರೆ ಬಿಡಿಸಿ ನೋಡಿದಳು. ಸೆರಗು ಹಾಳಾಗಿದೆ, ಬಕೆಟ್ ಬರುವುದಿಲ್ಲ, ಬೇಕಾದರೆ ಒಂದು ಲೋಟ ಎಂದಳು. ನಮ್ಮ ಉಪಕುಲಪತಿಗಳಿಗೆ ಒಂದು ಲೋಟವೇ? ಕಿತ್ತುಕೊಂಡು ಒಳಗೆ ಬಂದೆ.

ಈಗ ಅದನ್ನೇ ಉಟ್ಟು ಜಗುಲಿಯಲ್ಲಿ ಕೂತಿದ್ದೇನೆ, ಸೆರಗು ಮಂಡಿಯ ಮೇಲೆ. ಯಾರಾದರೂ ಬಂದು, ಇದೇನು ಹೀಗಾಗಿದೆ ಎಂದು ಕೇಳಬಾರದೇ!