ಮಾವನ ಹೆಸರಿನ ಮಗು

2018ರಲ್ಲಿ ನಾನು ಒಂದು ಸೇವಾಸಂಸ್ಥೆಯಲ್ಲಿ ಆಡಿಯಾಲಜಿಸ್ಟ್ ಆಗಿದ್ದೆ. ಅಂದರೆ ಕಿವಿ ಕೇಳಿಸುತ್ತದೆಯೋ ಇಲ್ಲವೋ, ಎಷ್ಟು ಕೇಳಿಸುತ್ತದೆ ಎಂದು ಅಳೆದು ಹೇಳುವವಳು. ಶಿಕಾರಿಪುರದಲ್ಲಿ ಮನೆ. ವಾರಕ್ಕೆರಡು ದಿನ ಸೊರಬದಲ್ಲಿ ಕೆಲಸ, ಉಳಿದಂತೆ ಹಳ್ಳಿಗಳ ಶಿಬಿರ. ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದ್ದೆನಾದ್ದರಿಂದ ಮಗು ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಅದರ ಕಿವಿ ಹೇಗಿದೆ ಎಂದು ಹೇಳಬಲ್ಲೆ ಎಂಬ ಜಂಬವೂ ನನಗಿತ್ತು. ಆ ಜಂಬ ಇಳಿದ ಕಥೆ ಇದು.

ಜನವರಿಯ ಒಂದು ಬೆಳಿಗ್ಗೆ ಸೊರಬದ ನಮ್ಮ ಕೋಣೆಗೆ ರೇಣುಕಾ ಎಂಬ ತಾಯಿ ಎರಡು ವರ್ಷದ ಮಗನನ್ನು ಕರೆತಂದಳು. ಜೊತೆಗೆ ಅಂಗನವಾಡಿ ಶಿಕ್ಷಕಿಯ ಚೀಟಿ: ‘ಹೆಸರು ಕರೆದರೆ ತಿರುಗುವುದಿಲ್ಲ. ಮಾತು ಕಡಿಮೆ.’ ಮಗುವಿನ ಹೆಸರು ಯೆಹೆಜ್ಕೇಲ್. ನಾನು ಎರಡು ಸಲ ಓದಿದೆ. ಗಂಡ ಡ್ಯಾನಿಯಲ್ ಮುಂಬೈ ಹತ್ತಿರದ ಠಾಣೆಯ ಕಡೆಯವನು, ಕೊಂಕಣ ಮೂಲದ ಯಹೂದಿ ಮನೆತನ. ಮೊಬೈಲ್ ಟವರ್‌ಗಳ ಉಸ್ತುವಾರಿಯ ಕೆಲಸ, ಬೆಳಿಗ್ಗೆ ಹೋದರೆ ಮಗು ಮಲಗಿದ ಮೇಲೆ ಮನೆಗೆ. ರೇಣುಕಾ ತೊಗರ್ಸಿ ಹತ್ತಿರದ ಕುರಿ ಸಾಕುವ ಮನೆಯ ಹುಡುಗಿ. ದಾವಣಗೆರೆಯಲ್ಲಿ ಓದುವಾಗ ಇಬ್ಬರಿಗೂ ಪರಿಚಯವಾಗಿ, ಎರಡೂ ಮನೆಯವರು ಸ್ವಲ್ಪ ದಿನ ಮುನಿಸಿಕೊಂಡು, ಆಮೇಲೆ ಒಪ್ಪಿ ಮದುವೆ ಮಾಡಿದ್ದರು. ಮಗು ಹುಟ್ಟುವ ನಾಲ್ಕು ತಿಂಗಳ ಮುಂಚೆ ರೇಣುಕಾಳ ಮಾವ ತೀರಿಕೊಂಡಿದ್ದರಿಂದ ಅವರ ಹೆಸರನ್ನೇ ಇಟ್ಟಿದ್ದರು.

ನಾನು ಕ್ರಮದಂತೆ ಪರೀಕ್ಷೆ ಮಾಡಿದೆ. ಮಗುವಿನ ಕೈಗೆ ಆಟಿಕೆ ಕೊಟ್ಟು, ಹಿಂದೆ ನಾಲ್ಕು ಅಡಿ ದೂರ ನಿಂತು ಹೆಸರು ಕರೆದೆ. ತಿರುಗಲಿಲ್ಲ. ಇನ್ನೂ ಎರಡು ಸಲ ಕರೆದೆ, ಅದೇ ಕಥೆ. ಗಿಲಕಿ ಆಡಿಸಿದೆ, ಆಟದಲ್ಲೇ ಮುಳುಗಿದ್ದ. ಡೋಲು ಬಡಿದಾಗ ಮಾತ್ರ ಬೆಚ್ಚಿದ. ದೊಡ್ಡ ಶಬ್ದ ಕೇಳಿಸುತ್ತದೆ, ಸಣ್ಣದು ಕೇಳಿಸುವುದಿಲ್ಲ ಎಂದು ನಾನು ತೀರ್ಮಾನಕ್ಕೆ ಬಂದೆ. ಶಿವಮೊಗ್ಗದಲ್ಲಿ ಬೆರಾ ಪರೀಕ್ಷೆಗೆ ಬರೆದುಕೊಟ್ಟೆ. ಮಗು ನಿದ್ದೆಯಲ್ಲಿರುವಾಗ ಹಣೆಗೂ ಕಿವಿಯ ಹಿಂದೆಯೂ ಸಣ್ಣ ತಂತಿ ಅಂಟಿಸಿ, ಶಬ್ದಕ್ಕೆ ಮಿದುಳಿನವರೆಗಿನ ನರ ಹೇಗೆ ಸ್ಪಂದಿಸುತ್ತದೆ ಎಂದು ನೋಡುವ ಪರೀಕ್ಷೆ ಅದು. ಹನ್ನೆರಡು ದಿನ ಬಿಟ್ಟು ಸರದಿ ಸಿಕ್ಕಿತು.

“ಕಿವಿ ಮಂದ ಇರಬಹುದಮ್ಮ, ಮಿಷನ್ ಹಾಕಬೇಕಾಗಬಹುದು” ಎಂದೆ. ಅವಳು ಮಗುವಿನ ಕಿವಿಯನ್ನು ಸೆರಗಿನಿಂದ ಒರೆಸಿದಳು, ಧೂಳೇನಾದರೂ ಅಡ್ಡ ಬಂದಿದೆಯೋ ಎಂಬಂತೆ. ಆವತ್ತಿನ ಪಟ್ಟಿಯಲ್ಲಿ ಇನ್ನೂ ಹದಿನಾಲ್ಕು ಜನ ಇದ್ದರು. ನಾನು ಮುಂದಿನವರನ್ನು ಕರೆದೆ.

ಒಂಬತ್ತು ದಿನದ ಮೇಲೆ ಶಿರಾಳಕೊಪ್ಪದ ಶಾಲೆಯೊಂದರಲ್ಲಿ ನಮ್ಮ ಶಿಬಿರ. ಸಂತೆಯ ದಿನವಾದ್ದರಿಂದ ಬೀದಿ ತುಂಬ ಗದ್ದಲ. ತವರಿಗೆ ಬಂದಿದ್ದ ರೇಣುಕಾ ನನ್ನನ್ನು ಹುಡುಕಿಕೊಂಡು ಅಲ್ಲಿಗೂ ಬಂದಳು. ಕಣ್ಣು ಒಳಗೆ ಹೋಗಿತ್ತು.

“ಮೇಡಂ, ಒಂದ್ ಮಾತ್ ಕೇಳ್ತೀನ್ರೀ. ನಾ ಬಸುರಿ ಇದ್ದಾಗ ಜ್ವರ ಬಂದಿತ್ತು. ಅದಕ್ಕೇ ಹಿಂಗಾತೇನ್ರೀ? ನಿಜ ಹೇಳ್ಬಿಡ್ರಿ.”

ಇಂಥ ಪ್ರಶ್ನೆಗೆ ನನ್ನ ಬಳಿ ಬಾಯಿಪಾಠದ ಉತ್ತರ ಇತ್ತು. ಅದನ್ನು ಹೇಳಲು ಶುರುಮಾಡುವಷ್ಟರಲ್ಲಿ ಮಗು ಗೇಟಿನ ಕಡೆ ಹೊರಟಿತ್ತು. ಹೊರಗೆ ಬಸ್ಸು ನಿಂತಿದೆ, ಜನ ಏರುತ್ತಿದ್ದಾರೆ. ರೇಣುಕಾ ಏಳಲೂ ಇಲ್ಲ, ಕೂಗಲೂ ಇಲ್ಲ. ನಾಲಿಗೆಯನ್ನು ಅಂಗುಳಿಗೆ ಒತ್ತಿ ‘ಚ್ಕ್ ಚ್ಕ್’ ಎಂದಳು, ಪಕ್ಕದಲ್ಲಿದ್ದ ನನಗೇ ಮೆಲ್ಲಗೆ ಕೇಳಿಸುವಷ್ಟು. ಇಪ್ಪತ್ತು ಹೆಜ್ಜೆ ಆಚೆ, ಬೆನ್ನು ಹಾಕಿಕೊಂಡು ನಡೆಯುತ್ತಿದ್ದ ಮಗು ಗಕ್ಕನೆ ನಿಂತಿತು. ತಿರುಗಿತು. ಓಡಿ ಬಂದು ಅವಳ ತೊಡೆಯ ಮೇಲೆ ಬಿದ್ದಿತು.

ನಾನು ಕುರ್ಚಿಯಿಂದ ಎದ್ದೆ. “ಏನಮ್ಮ ಅದು? ಇನ್ನೊಂದು ಸಲ ಮಾಡು.”

“ಕುರಿಮರಿ ಕರಿಯಾದು ಮೇಡಂ. ನಮ್ಮನ್ಯಾಗೆ ರೂಢಿ. ಇವ್ನೂ ಬರ್ತಾನೆ.” ಅವಳಿಗೆ ನಾಚಿಕೆಯಾಯಿತು.

ಮಗುವನ್ನು ಆಚೆ ಬಿಟ್ಟು ಮೂರು ಸಲ ಮಾಡಿಸಿದೆ. ಮೂರು ಸಲವೂ ತಿರುಗಿದ. ಆ ಸಂತೆಯ ಗದ್ದಲದಲ್ಲಿ ಅಷ್ಟು ಸಣ್ಣ ಶಬ್ದ ಕೇಳಿಸುವ ಮಗುವಿನ ಕಿವಿ ಮಂದವೇ?

“ಹೆಸರು ಹಿಡಿದು ಯಾಕೆ ಕರೆಯಲಿಲ್ಲ?” ಎಂದೆ.

“ಮಾವನ ಹೆಸ್ರು ಬಾಯಾಗೆ ಹೆಂಗ್ ತರ್ಲಿ ಮೇಡಂ? ನಮ್ಮವ್ವ ಇವತ್ತಿಗೂ ನಮ್ಮಜ್ಜನ ಹೆಸ್ರು ಹೇಳಲ್ಲ. ರೇಷನ್ ಅಂಗಡ್ಯಾಗೆ ಯಾರಾದ್ರೂ ಕೇಳಿದ್ರೆ ನನ್ನ ಮುಂದಕ್ಕೆ ದಬ್ತಾಳೆ.”

ಮಾವನ ಹೆಸರನ್ನು ಸೊಸೆ ಹೇಳಬಾರದೆಂಬುದು ನನಗೆ ಗೊತ್ತಿಲ್ಲದ್ದಲ್ಲ. ನನ್ನ ಅತ್ತೆಯೂ ಹಾಗೆಯೇ ಇದ್ದರು. ಕೇಳುತ್ತಾ ಹೋದೆ. ಅಪ್ಪ ಪೂರ್ತಿ ಹೆಸರು ಕರೆಯುತ್ತಾನೆ, ಆದರೆ ಅವನು ಸಿಗುವುದು ಭಾನುವಾರ ಮಾತ್ರ. ಮನೆ ಓನರ್ ಹೆಂಡತಿ ‘ಪುಟ್ಟ’ ಎನ್ನುತ್ತಾರೆ. ಅಂಗನವಾಡಿಯಲ್ಲಿ ‘ರಾಜು’, ಪಕ್ಕದ ಮನೆಯಲ್ಲಿ ‘ಗುಂಡ’, ಫೋನಿನಲ್ಲಿ ಅಜ್ಜಿ ‘ಬಾಳಾ’. ಹೆಸರು ಕಷ್ಟವೆಂದು ಆಳಿಗೊಂದು ಇಟ್ಟುಕೊಂಡಿದ್ದರು. ದಿನವಿಡೀ ಜೊತೆಗಿರುವ ತಾಯಿಯ ಬಾಯಲ್ಲಿ ಒಂದೂ ಇಲ್ಲ. ತನಗೊಂದು ಹೆಸರಿದೆ ಎಂದೇ ಗೊತ್ತಿಲ್ಲದ ಮಗುವನ್ನು ನಾನು ಹೆಸರು ಕರೆದು, ತಿರುಗಲಿಲ್ಲವೆಂದು ಕಿವುಡು ಎಂದು ಅನುಮಾನಪಟ್ಟಿದ್ದೆ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವರ ಸಾಲಿಗೆ ನಾನೂ ಸೇರಿದೆ.

ಹಾಗೆಂದು ಪರೀಕ್ಷೆ ಬಿಡಲಿಲ್ಲ. ಒಂದು ಸಲ ತಪ್ಪಿದವಳು ಇನ್ನೊಂದು ಸಲ ಊಹೆಯ ಮೇಲೆ ನಡೆಯಬಾರದು. ಮೂರು ದಿನದ ಮೇಲೆ ಶಿವಮೊಗ್ಗದಲ್ಲಿ ಮಗುವನ್ನು ಮಲಗಿಸಿ ಬೆರಾ ಮಾಡಿದರು. ನಾನೂ ಹೋಗಿದ್ದೆ. ಮೂವತ್ತು ಡೆಸಿಬೆಲ್ ಎಂದರೆ ಪಿಸುಮಾತಿನಷ್ಟು ಸದ್ದು. ಅಷ್ಟಕ್ಕೂ ಎರಡೂ ಕಿವಿಯ ಸ್ಪಂದನೆಯ ಅಲೆ ಪರದೆಯ ಮೇಲೆ ಚೆನ್ನಾಗಿ ಎದ್ದಿತು. ಹೋದ ಜೀವ ಬಂದಂತಾಯಿತು. ರೇಣುಕಾ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಡ್ಯಾನಿಯಲ್ ಎಲ್ಲರಿಗೂ ಟೀ ತರಲು ಹೋಗಿ, ಬರಿಗೈಯಲ್ಲಿ ಬಂದು, ಮತ್ತೆ ಹೋದ.

ಸುದ್ದಿ ಕೇಳಿ ಗಾಬರಿಯಿಂದ ಠಾಣೆಯಿಂದ ಬಂದಿದ್ದ ಅಜ್ಜಿ ಸಾರಾಬಾಯಿಯೂ ಅಲ್ಲಿದ್ದರು. ಅಲ್ಲೇ ಬೆಂಚಿನ ಮೇಲೆ ಕೂರಿಸಿ ನಾನು ಎಲ್ಲರಿಗೂ ಹೇಳಿದೆ: ಇವನಿಗೆ ಒಂದೇ ಒಂದು ಸುಲಭದ ಹೆಸರು ಬೇಕು. ಚಿಕ್ಕದಿರಲಿ. ಮನೆಯವರು, ನೆರೆಯವರು, ಅಂಗನವಾಡಿ ಎಲ್ಲರೂ ಅದನ್ನೇ ಕರೆಯಬೇಕು. ಮುಖ್ಯವಾಗಿ ತಾಯಿ ಕರೆಯಬೇಕು.

ಡ್ಯಾನಿಯಲ್ ‘ಜೆಕ್’ ಎಂದ. ಬಾಗಿಲ ಚಿಲಕದ ಸದ್ದಿನಂತಿದೆ ಎಂದು ನಾನೇ ಬೇಡವೆಂದೆ. ರೇಣುಕಾ ‘ರಾಜು’ ಸಾಕೆಂದಳು. ಅಜ್ಜಿ ತಲೆ ಅಲ್ಲಾಡಿಸಿ ಮರಾಠಿಯಲ್ಲಿ ಹೇಳಿದ್ದನ್ನು ಮಗ ಕನ್ನಡಕ್ಕೆ ತಂದ: “ಅಮ್ಮ ಹೇಳ್ತಿದಾರೆ, ಹೆಸರಿಟ್ಟಿದ್ದೇ ಮನೇಲಿ ಅದು ಕೇಳಿಸ್ತಾ ಇರ್ಲಿ ಅಂತ. ಅದರ ಸೋಂಕೇ ಇಲ್ಲದ ಹೆಸರು ಬೇಡ.”

ಅತ್ತೆಗೆ ಗಂಡನ ಹೆಸರು ಕೇಳಿಸಬೇಕು, ಸೊಸೆ ಮಾವನ ಹೆಸರು ಹೇಳುವಂತಿಲ್ಲ. ನಡುವೆ ಮಗು ನನ್ನ ಚೀಲದ ಜಿಪ್ ಎಳೆಯುತ್ತಾ ಕೂತಿತ್ತು.

ಆಮೇಲೆ ಸಾರಾಬಾಯಿಯೇ ನೆನಪು ಮಾಡಿಕೊಂಡರು. ಅವರ ಹಿರಿಯರು ಕೊಂಕಣದ ಹಳ್ಳಿಯಲ್ಲಿ ಗಾಣದಿಂದ ಎಣ್ಣೆ ತೆಗೆಯುತ್ತಿದ್ದವರು. ಊರಿನವರ ನಾಲಿಗೆಗೆ ಹೊಂದುವಂತೆ ಪ್ರತಿ ಹೆಸರಿಗೂ ಅಲ್ಲಿ ಇನ್ನೊಂದು ಹೆಸರಿತ್ತಂತೆ. ಅಬ್ರಹಾಮನಿಗೆ ಆಬಾಜಿ, ಯೆಹೆಜ್ಕೇಲನಿಗೆ ಹಸಾಜಿ. ಸಾರಾಬಾಯಿಯ ಗಂಡನ ಅಜ್ಜನೂ ಯೆಹೆಜ್ಕೇಲ್‌ನೇ, ಊರಿಗೆಲ್ಲ ಹಸಾಜಿ.

ರೇಣುಕಾ ಬೆನ್ನು ನೆಟ್ಟಗೆ ಮಾಡಿಕೊಂಡು ಗಂಡನಿಗೆ ಹೇಳಿದಳು: “ಅತ್ತೀನ ಕೇಳ್ರೀ. ಮಾವನ್ನ ಯಾರಾದ್ರೂ ಹಂಗೆ ಕರೀತಿದ್ರಾ?”

“ಒಬ್ಬರೂ ಇಲ್ವಂತೆ. ಅಪ್ಪ ಆಫೀಸಿನವರು, ಹಳ್ಳಿ ಹೆಸರು ಇಷ್ಟ ಇರ್ಲಿಲ್ವಂತೆ.”

“ಹಂಗಾದ್ರೆ ನಾ ಕರೀತೀನಿ” ಎಂದಳು. ಸೆರಗು ಸರಿಮಾಡಿಕೊಂಡು, ದೇವರ ಮುಂದೆ ನಿಂತವಳ ಹಾಗೆ ಮಗುವಿನ ಮುಂದೆ ಕೂತು ಮೆಲ್ಲಗೆ ಕರೆದಳು: “ಹಸಾಜಿ.” ಮಗು ಜಿಪ್ ಬಿಡಲಿಲ್ಲ. ಅವಳು ದಿಗಿಲಾಗಿ ನನ್ನ ಕಡೆ ನೋಡಿದಳು. ಅದು ತನ್ನ ಹೆಸರೆಂದು ಅವನಿಗೆ ಈಗತಾನೇ ಸುದ್ದಿ ಹೋಗಿದೆ, ಸ್ವಲ್ಪ ಟೈಮ್ ಕೊಡು ಎಂದು ನಾನು ನಕ್ಕೆ. ಸಾರಾಬಾಯಿ ಮಾತ್ರ ಕಣ್ಣೊರೆಸಿಕೊಳ್ಳುತ್ತಿದ್ದರು.

ಇಪ್ಪತ್ತಮೂರು ದಿನದ ಮೇಲೆ ಫೋನ್ ಬಂತು. “ಮೇಡಂ, ಸುಮ್ನೆ ಕೇಳಿಸ್ಕಳ್ರಿ” ಎಂದವಳೇ ಫೋನ್ ಹಿಡಿದೇ ಕೂಗಿದಳು. ಎಲ್ಲೋ ದೂರದಿಂದ, ಹಿತ್ತಲಿರಬೇಕು, ಒಂದು ಪುಟ್ಟ “ಆಂ?” ಬಂತು. ಸಾವಿರಾರು ಮಕ್ಕಳ ಕಿವಿ ಪರೀಕ್ಷಿಸಿದ ನಾನು ಆ ಒಂದು ಅಕ್ಷರಕ್ಕೆ ಕುಣಿಯುವುದೊಂದು ಬಾಕಿ.

ಅಂದಿನಿಂದ ನಿವೃತ್ತಿಯವರೆಗೂ ಫಾರಮ್ಮಿನಲ್ಲಿ ಮಗುವಿನ ಹೆಸರಿನ ಕೆಳಗೆ ಪೆನ್ನಿನಿಂದ ಇನ್ನೊಂದು ಸಾಲು ಹಾಕುತ್ತಿದ್ದೆ: ‘ತಾಯಿ ಕರೆಯುವುದು ಹೇಗೆ?’ ಉತ್ತರ ಬರೆದುಕೊಳ್ಳದೆ ಒಂದು ಮಗುವನ್ನೂ ಹಿಂದಿನಿಂದ ಕರೆಯಲಿಲ್ಲ. ನನ್ನ ವೃತ್ತಿ ಕಲಿಸಿದ ದೊಡ್ಡ ಪಾಠ ಇಷ್ಟೇ: ಮಗು ಓಗೊಡಲಿಲ್ಲವೆಂದರೆ ಅದರ ಕಿವಿಗಿಂತ ಮೊದಲು ಕರೆದವರ ಬಾಯಿಯನ್ನು ವಿಚಾರಿಸಬೇಕು.

ಅವತ್ತು ಫೋನಿನಲ್ಲೇ ನಾನು ಕ್ಷಮೆ ಕೇಳಿದೆ. ಸುಮ್ಮನೆ ಹನ್ನೆರಡು ದಿನ ನಿನ್ನ ನಿದ್ದೆ ಕೆಡಿಸಿದೆನಲ್ಲಮ್ಮ ಎಂದೆ.

“ಬಿಡ್ರೀ ಮೇಡಂ” ಎಂದಳು ರೇಣುಕಾ. “ನೀವು ಅವನ ಕಿವಿ ಕೆಟ್ಟೈತಿ ಅಂದಿರ್ಲಿಲ್ಲ ಅಂದ್ರೆ, ನಾ ನನ್ನ ಮಗನ್ನ ಹೆಸ್ರು ಹಿಡಿದು ಕರೀತಾನೇ ಇರ್ಲಿಲ್ಲ.”